ಗಾಥಿಕ್ ಫ್ಯಾಶನ್ ಗೊಂಬೆಯನ್ನು ಕೈಯಿಂದ ರೂಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಉಡುಪು ತೊಡಿಸಿದ ಗೊಂಬೆಯೆಲ್ಲ ಗಾಥಿಕ್ ಗೊಂಬೆಯಾಗುತ್ತದೆಯೇ?

ಆಗುವುದಿಲ್ಲ. ಉಡುಪು, ಕೇಶಾಲಂಕಾರ ಮತ್ತು ಭಂಗಿಗಳನ್ನು ಬದಲಿಸಿ ನೋಡಲೆಂದೇ ಮಾಡಿದ, ಬೆಳೆದ ಮೈಕಟ್ಟಿನ ಗೊಂಬೆಯನ್ನು ಫ್ಯಾಶನ್ ಗೊಂಬೆ ಎನ್ನುತ್ತಾರೆ. 1959ರಲ್ಲಿ ಬಾರ್ಬಿ ಬಂದ ಮೇಲೆ ಸುಮಾರು 29 ಸೆಂಟಿಮೀಟರ್ ಎತ್ತರ, ಅಂದರೆ ಮನುಷ್ಯರ ಆರನೆಯ ಒಂದು ಭಾಗದಷ್ಟು ಅಳತೆ, ಈ ಬಗೆಯ ಗೊಂಬೆಗಳಿಗೆ ರೂಢಿಯಾಯಿತು. ಗಾಥಿಕ್ ಎಂಬ ವಿಶೇಷಣದ ಹಿಂದೆ ಮುಖ್ಯವಾಗಿ ಎರಡು ಮೂಲಗಳಿವೆ. ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶೋಕದ ಉಡುಪು: 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನೇ ಉಟ್ಟಳು, ಮತ್ತು ಅವಳ ಕಾಲದ ಸಮಾಜವು ಯಾವ ಹಂತದ ದುಃಖಕ್ಕೆ ಎಂತಹ ಬಟ್ಟೆ, ಎಷ್ಟು ಹೊಳಪು ಎಂಬುದನ್ನೂ ಕಟ್ಟುನಿಟ್ಟಾಗಿ ಪಾಲಿಸಿತು. ಎರಡನೆಯದು 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಪೋಸ್ಟ್-ಪಂಕ್ ಸಂಗೀತದ ಸುತ್ತ ಬೆಳೆದು, 1982ರಲ್ಲಿ ಲಂಡನ್ನಿನಲ್ಲಿ ತೆರೆದ ಬ್ಯಾಟ್‌ಕೇವ್ ಎಂಬ ಕ್ಲಬ್ಬಿನಂತಹ ಕಡೆಗಳಲ್ಲಿ ನೆಲೆ ಕಂಡ ಯುವಜನರ ವೇಷ: ಬಿಳಿಚಿದ ಮುಖ, ಕಾಡಿಗೆಯ ದಟ್ಟ ಗೆರೆ, ಹರಿದ ಜಾಲರಿ ಬಟ್ಟೆ, ಬೆಳ್ಳಿಯ ಬಣ್ಣದ ಒಡವೆ. 2010ರಲ್ಲಿ ಮ್ಯಾಟೆಲ್ ಸಂಸ್ಥೆ ಮಾನ್‌ಸ್ಟರ್ ಹೈ ಸರಣಿಯನ್ನು ತಂದಾಗ ಈ ಸೌಂದರ್ಯದೃಷ್ಟಿ ದೊಡ್ಡ ಪ್ರಮಾಣದಲ್ಲಿ ಆಟಿಕೆಗಳ ಕಪಾಟನ್ನು ಸೇರಿತು.

ಈ ಹಿನ್ನೆಲೆ ತಿಳಿದಿದ್ದರೆ ಕೆಲಸದ ಮೇಲೆ ನೇರ ಪರಿಣಾಮವಿದೆ. ಎರಡೂ ಮೂಲಗಳಲ್ಲಿ ಕಪ್ಪು ಒಂದೇ ಬಣ್ಣವಾಗಿರಲಿಲ್ಲ. ಬೆಳಕನ್ನು ಹೀರುವ ಕಪ್ಪು, ಹೊಳೆಯುವ ಕಪ್ಪು, ಒಳಗಿನದನ್ನು ತೋರಿಸುವ ಪಾರದರ್ಶಕ ಕಪ್ಪು ಎಂಬ ಭೇದಗಳಿದ್ದವು. ಗಾಥಿಕ್ ಗೊಂಬೆಯ ಮುಖ, ಕೂದಲು, ಉಡುಪು ಮೂರರಲ್ಲೂ ಈ ಭೇದಗಳನ್ನು ಕಾಣಿಸುವುದೇ ಈ ಕಲೆಯ ತಿರುಳು ಎಂದು ನಾನು ನಂಬುತ್ತೇನೆ. ಮುಂದಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಪೂರ್ತಿ ಗೊಂಬೆಯನ್ನು ನಾನೇ ರೂಪಿಸಬೇಕೇ, ಸಿದ್ಧ ಗೊಂಬೆಯನ್ನು ಮಾರ್ಪಡಿಸಿದರೆ ಸಾಕೇ?

ಮೊದಲ ಎರಡು ಮೂರು ಗೊಂಬೆಗಳಿಗೆ ಸಿದ್ಧ ಗೊಂಬೆಯೇ ಸೂಕ್ತ. ಕೀಲುಗಳನ್ನು ಮಾಡುವುದು ಮತ್ತು ಮುಖವನ್ನು ಮಾಡುವುದು ಎರಡು ಬೇರೆ ಬೇರೆ ವಿದ್ಯೆಗಳು; ಎರಡನ್ನೂ ಒಟ್ಟಿಗೆ ಕಲಿಯಲು ಹೊರಟವರು ಹೆಚ್ಚಾಗಿ ಕೀಲಿನ ಹಂತದಲ್ಲೇ ದಣಿದು, ಮುಖದವರೆಗೆ ಬರುವುದೇ ಇಲ್ಲ. ಹಳೆಯದಾದ, ಕೂದಲು ಕೆಟ್ಟ, ಬಣ್ಣ ಮಾಸಿದ ಗೊಂಬೆಯಾದರೂ ನಡೆಯುತ್ತದೆ. ಮೊಣಕೈ, ಮಣಿಕಟ್ಟು, ಮೊಣಕಾಲುಗಳಲ್ಲಿ ಕೀಲುಗಳಿರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗಾಥಿಕ್ ಗೊಂಬೆಯ ಭಾವದ ಅರ್ಧಪಾಲು ಕೈಗಳ ಭಂಗಿಯಲ್ಲಿರುತ್ತದೆ.

ತಲೆಯನ್ನು ಮುರಿಯದಂತೆ ಕಳಚುವುದು ಹೇಗೆ?

ಕುದಿಸಿ ಇಳಿಸಿದ ನೀರಿನಲ್ಲಿ ತಲೆಯನ್ನಷ್ಟೇ ಎರಡು ಮೂರು ನಿಮಿಷ ಮುಳುಗಿಸಿಟ್ಟರೆ ಅದರ ವಿನೈಲ್ ಪ್ಲಾಸ್ಟಿಕ್ ಮೆದುವಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಹಿಡಿದು, ಒಂದು ಪಕ್ಕಕ್ಕೆ ಮೆಲ್ಲನೆ ವಾಲಿಸುತ್ತಾ ಮೇಲಕ್ಕೆ ಎತ್ತಬೇಕು. ಕತ್ತಿನ ತುದಿಯಲ್ಲಿ ಲಂಗರಿನ ಆಕಾರದ ಗುಬುಟು ಇರುತ್ತದೆ. ತಣ್ಣಗಿರುವಾಗ ಎಳೆದರೆ ಮುರಿಯುವುದು ಅದೇ.

ಕಾರ್ಖಾನೆಯಲ್ಲಿ ಬಳಿದ ಮುಖದ ಬಣ್ಣವನ್ನು ಅಳಿಸಲು ಅಸಿಟೋನ್ ಬಳಸಬಹುದೇ?

ಉತ್ತರವು ಗೊಂಬೆಯ ಯಾವ ಭಾಗ ಎಂಬುದನ್ನು ಅವಲಂಬಿಸಿದೆ. ಇಂತಹ ಬಹುತೇಕ ಗೊಂಬೆಗಳ ತಲೆ ಮೆದು ವಿನೈಲಿನದು, ಮೈ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಹತ್ತಿಯಲ್ಲಿ ಸ್ವಲ್ಪವೇ ಅದ್ದಿದ ಅಸಿಟೋನನ್ನು ವಿನೈಲ್ ಕೆಲವು ಕ್ಷಣ ತಡೆದುಕೊಳ್ಳುತ್ತದೆ. ಎಬಿಎಸ್ ಮಾತ್ರ ಅದರಲ್ಲಿ ಕರಗಿಯೇ ಹೋಗುತ್ತದೆ. ಪ್ರತ್ಯೇಕವಾಗಿ ಕೂರಿಸಿದ ಪ್ಲಾಸ್ಟಿಕ್ ಕಣ್ಣುಗಳಿದ್ದರೆ ಅವೂ ಮಂಜಾಗುತ್ತವೆ. ಆದ್ದರಿಂದ ತಲೆಯನ್ನು ಮೈಯಿಂದ ಬೇರ್ಪಡಿಸಿ, ಮೊದಲು ಅಸಿಟೋನ್ ಇಲ್ಲದ ನೇಲ್ ಪಾಲಿಶ್ ರಿಮೂವರ್‌ನಿಂದ ಪ್ರಯತ್ನಿಸಿ, ಅದಕ್ಕೂ ಬಗ್ಗದ ತುಟಿ ಮತ್ತು ಕಣ್ಣಂಚಿನ ಬಣ್ಣಕ್ಕೆ ಮಾತ್ರ ಅಸಿಟೋನನ್ನು ಇಯರ್‌ಬಡ್ಡಿನ ತುದಿಯಲ್ಲಿ ಬಳಸುವುದು ಸುರಕ್ಷಿತ ಕ್ರಮ. ಗಾಢ ಬಣ್ಣವು ಉಜ್ಜಿದಷ್ಟೂ ಹರಡಿ ಕೆನ್ನೆಗೆ ಅಂಟುವುದರಿಂದ ಪ್ರತಿ ಒರೆತಕ್ಕೂ ಹೊಸ ಹತ್ತಿ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೆನಪಿಗೆ ತರುವ ಹಂತವಿದು: ಅಜಾಗರೂಕತೆಯಿಂದ ಮೈಮೇಲೆ ಬಿದ್ದ ಒಂದು ಹನಿ ಅಸಿಟೋನ್ ಉಳಿಸುವ ಗುಳಿಯನ್ನು ತುಂಬಿ, ಉಜ್ಜಿ, ಬಣ್ಣ ಹೊಂದಿಸುವ ಹೊತ್ತಿಗೆ ಎರಡು ದಿನ ಕಳೆದಿರುತ್ತವೆ.

ಬಣ್ಣ ಹೋದ ಮೇಲೆ ತಲೆಯನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಜಿಡ್ಡು ಉಳಿದರೆ ಮುಂದಿನ ಯಾವ ಲೇಪವೂ ನಿಲ್ಲುವುದಿಲ್ಲ.

ಮುಖದ ಆಕಾರವನ್ನು ಬದಲಿಸಲು ಎಪಾಕ್ಸಿ ಪುಟ್ಟಿ ಬೇಕೇ, ಪಾಲಿಮರ್ ಕ್ಲೇ ಸಾಕೇ?

ಸಿದ್ಧ ಗೊಂಬೆಯ ಮೇಲೆ ಕೆಲಸ ಮಾಡುವುದಾದರೆ ಎಪಾಕ್ಸಿ ಪುಟ್ಟಿಯೇ ಬೇಕು. ಪಾಲಿಮರ್ ಕ್ಲೇ ಗಟ್ಟಿಯಾಗಲು ಓವನ್ನಿನಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆ ಶಾಖಕ್ಕೆ ಗೊಂಬೆಯ ವಿನೈಲ್ ಕುಗ್ಗಿ ವಿಕಾರವಾಗುತ್ತದೆ, ಎಬಿಎಸ್ ಮೆತ್ತಗಾಗಿ ಬಾಗುತ್ತದೆ. ಬೇಯಿಸದೆ ಹಾಗೆಯೇ ಬಿಟ್ಟರೆ ಇನ್ನೊಂದು ಕೇಡು: ಹಸಿ ಕ್ಲೇಯಲ್ಲಿರುವ ಮೆದುಕಾರಕ ದ್ರವ್ಯವು ಕೆಲವು ಪ್ಲಾಸ್ಟಿಕ್‌ಗಳನ್ನು ನಿಧಾನವಾಗಿ ತಿನ್ನುತ್ತದೆ.

ಎಪಾಕ್ಸಿ ಪುಟ್ಟಿ ಎರಡು ಭಾಗಗಳಲ್ಲಿ ಬರುತ್ತದೆ. ಎರಡನ್ನೂ ಸಮಪ್ರಮಾಣದಲ್ಲಿ ತೆಗೆದುಕೊಂಡು ಬಣ್ಣದ ಗೆರೆಗಳು ಮಾಯವಾಗುವವರೆಗೆ ನಾದಿದಾಗ ರಾಸಾಯನಿಕ ಕ್ರಿಯೆ ಆರಂಭವಾಗಿ, ಶಾಖವಿಲ್ಲದೆಯೇ ತಾನಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಶಿಲ್ಪಕ್ಕೆಂದು ಮಾಡಿದ ನಿಧಾನ ಬಗೆಯ ಪುಟ್ಟಿಯಲ್ಲಿ ಸುಮಾರು ಎರಡು ಗಂಟೆ ಕೆಲಸ ಮಾಡಬಹುದು, ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಬೇಕು. ಕೊಳಾಯಿ ದುರಸ್ತಿಗೆಂದು ಮಾರುವ, ಐದು ನಿಮಿಷದಲ್ಲಿ ಬಿಗಿಯುವ ಪುಟ್ಟಿ ಈ ಕೆಲಸಕ್ಕೆ ಒಗ್ಗದು. ನಾದಿದ ಕೂಡಲೇ ನಿಧಾನ ಬಗೆಯ ಪುಟ್ಟಿ ಅಂಟಂಟಾಗಿರುತ್ತದೆ. ಆಗ ಗೊಂಬೆಯ ಮೇಲೆ ಒತ್ತಿ ಕೂರಿಸಬೇಕು. ಮುಕ್ಕಾಲು ಗಂಟೆಯ ನಂತರ ಸ್ವಲ್ಪ ಬಿಗಿದಾಗ ಸೂಕ್ಷ್ಮ ಗೆರೆಗಳನ್ನು ಮೂಡಿಸಬೇಕು. ಉಪಕರಣವನ್ನೂ ಬೆರಳನ್ನೂ ನೀರಿನಲ್ಲಿ ಅದ್ದಿಕೊಂಡರೆ ಮೇಲ್ಮೈ ನುಣುಪಾಗುತ್ತದೆ. ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿಕೊಂಡೇ ನಾದಬೇಕು.

ನಾನು ಕೂರಿಸಿದ ಪುಟ್ಟಿ ಗಟ್ಟಿಯಾದ ಮೇಲೆ ಸಿಪ್ಪೆಯಂತೆ ಕಳಚಿ ಬಂತು. ಏಕೆ?

ವಿನೈಲ್ ನುಣುಪಾಗಿದ್ದುದೇ ಕಾರಣವಿರಬೇಕು. ನನ್ನ ಮೊದಲ ಗೊಂಬೆಯ ಎರಡೂ ಕೆನ್ನೆಮೂಳೆಗಳು ಹೀಗೆಯೇ ಬಿಲ್ಲೆಗಳಂತೆ ಕೈಗೆ ಬಂದವು. ಪುಟ್ಟಿ ಕೂರುವ ಜಾಗವನ್ನು 220ರ ದರ್ಜೆಯ ಉಪ್ಪು ಕಾಗದದಿಂದ ಒರಟು ಮಾಡಿ, ಸೂಜಿಯಿಂದ ಅಡ್ಡಡ್ಡ ಗೀರುಗಳನ್ನು ಎಳೆದು, ಧೂಳನ್ನು ಒರೆಸಿ ಕೂರಿಸಿದರೆ ಪುಟ್ಟಿಗೆ ಹಿಡಿತ ಸಿಗುತ್ತದೆ. ಕೊಂಬು, ಚೂಪು ಕಿವಿಗಳಂತೆ ಹೊರಚಾಚುವ ಭಾಗಗಳಿಗೆ ಒಳಗೆ ತಂತಿಯ ತುಂಡೊಂದನ್ನು ನೆಟ್ಟು ಅದರ ಸುತ್ತ ಪುಟ್ಟಿ ಕಟ್ಟಬೇಕು. ಇನ್ನೊಂದು ಕಾರಣವೂ ಇರಬಹುದು: ವಿನೈಲ್ ತಲೆಯನ್ನು ಹಿಂಡಿದರೆ ಬಾಗುತ್ತದೆ, ಎಪಾಕ್ಸಿ ಬಾಗುವುದಿಲ್ಲ. ಪುಟ್ಟಿ ಕೂರಿಸಿದ ತಲೆಯನ್ನು ಮತ್ತೆ ಬಿಸಿನೀರಿನಲ್ಲಿಟ್ಟು ಕತ್ತಿಗೆ ಒತ್ತಿ ಕೂರಿಸಲು ಹೋದರೆ ಬಿರುಕು ಬರುತ್ತದೆ. ಕೂದಲು ನಾಟುವ, ತಲೆ ಕಳಚುವ ಕೆಲಸಗಳನ್ನು ಶಿಲ್ಪಕ್ಕಿಂತ ಮೊದಲೇ ಮುಗಿಸುವುದು ಇದೇ ಕಾರಣಕ್ಕೆ.

ಮುಖದಲ್ಲಿ ಎಲ್ಲಿ ಸೇರಿಸಬೇಕು, ಎಲ್ಲಿ ತೆಗೆಯಬೇಕು?

ಹುಬ್ಬಿನ ಮೂಳೆ, ಕೆನ್ನೆಮೂಳೆ, ಮೂಗಿನ ದಂಡೆ, ಗಲ್ಲದ ತುದಿ ಈ ನಾಲ್ಕು ಕಡೆ ಸೇರಿಸಿದ ಅರ್ಧ ಮಿಲಿಮೀಟರ್ ಕೂಡ ಕಣ್ಣಿಗೆ ಗೊತ್ತಾಗುತ್ತದೆ. ಆರನೆಯ ಒಂದರ ಅಳತೆಯಲ್ಲಿ ಅದು ಮನುಷ್ಯರ ಮುಖದ ಮೂರು ಮಿಲಿಮೀಟರಿಗೆ ಸಮ. ಗಾಥಿಕ್ ಮುಖಕ್ಕೆ ನೆರಳು ನಿಲ್ಲುವ ಜಾಗಗಳು ಬೇಕು. ಕೆನ್ನೆಮೂಳೆಯನ್ನು ಎತ್ತರಿಸಿದಾಗ ಅದರ ಕೆಳಗೆ ಕೆನ್ನೆ ತಾನಾಗಿ ಒಳಸರಿದಂತೆ ಕಾಣುತ್ತದೆ; ಹುಬ್ಬಿನ ಮೂಳೆಯನ್ನು ಸ್ವಲ್ಪ ಮುಂದೆ ತಂದರೆ ಕಣ್ಣು ಆಳಕ್ಕೆ ಹೋಗುತ್ತದೆ. ಬಣ್ಣದಿಂದ ಬರೆದ ನೆರಳು ಒಂದೇ ದಿಕ್ಕಿನ ಬೆಳಕಿಗೆ ಒಪ್ಪುತ್ತದೆ, ರೂಪದಿಂದ ಬಂದ ನೆರಳಾದರೋ ಗೊಂಬೆಯನ್ನು ತಿರುಗಿಸಿದಂತೆಲ್ಲ ತಾನೂ ಸರಿಯುತ್ತದೆ. ಕತ್ತಲೆಯ ಕೋಣೆಯಲ್ಲಿ ಒಂದೇ ದೀಪವನ್ನು ಪಕ್ಕದಿಂದ ಹಿಡಿದು ಮುಖವನ್ನು ಪರೀಕ್ಷಿಸುವ ಅಭ್ಯಾಸವನ್ನು ಎಲ್ಲರಿಗೂ ಸೂಚಿಸುತ್ತೇನೆ. ಎಡಬಲಗಳ ವ್ಯತ್ಯಾಸ ಕಂಡುಹಿಡಿಯಲು ಕನ್ನಡಿಯಲ್ಲಿ ನೋಡಿದರೆ, ಒಂದು ಗಂಟೆಯಿಂದ ಕಣ್ಣಿಗೆ ಬೀಳದಿದ್ದ ಸೊಟ್ಟವೂ ತಕ್ಷಣ ಎದ್ದು ಕಾಣುತ್ತದೆ.

ಗಟ್ಟಿಯಾದ ಮೇಲೆ 220, 400, 800ರ ದರ್ಜೆಯ ಕಾಗದಗಳಿಂದ ಕ್ರಮವಾಗಿ, ನೀರು ಹಚ್ಚಿ ಉಜ್ಜಬೇಕು. ಒಣಗಿದ ಎಪಾಕ್ಸಿಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಅದನ್ನು ಹಾರದಂತೆ ಹಿಡಿದಿಡುತ್ತದೆ.

ಮೊದಲಿನಿಂದಲೇ ಪೂರ್ತಿ ಗೊಂಬೆಯನ್ನು ಮಾಡಲು ಸಿದ್ಧನಿದ್ದೇನೆ. ಎಲ್ಲಿಂದ ಆರಂಭಿಸಬೇಕು?

ಕಾಗದದಿಂದ. ಗೊಂಬೆಯ ನಿಜ ಅಳತೆಯಲ್ಲೇ ಮುಂಭಾಗದ ಮತ್ತು ಪಕ್ಕದ ಚಿತ್ರಗಳನ್ನು ಬರೆದು, ಕೀಲುಗಳ ಜಾಗ ಗುರುತಿಸಬೇಕು. ವಯಸ್ಕ ಮನುಷ್ಯರ ಎತ್ತರ ಸುಮಾರು ಏಳೂವರೆ ತಲೆಗಳಷ್ಟು. ಫ್ಯಾಶನ್ ಗೊಂಬೆಗಳಲ್ಲಿ ತಲೆಯನ್ನು ದೊಡ್ಡದು ಮಾಡಿ, ಐದರಿಂದ ಆರು ತಲೆಗಳಿಗೆ ಇಳಿಸಿದರೆ ಮುಖಕ್ಕೆ ಪ್ರಾಧಾನ್ಯ ಬರುತ್ತದೆ. ಅಲ್ಯೂಮಿನಿಯಂ ತಂತಿಯ ಅಸ್ಥಿಪಂಜರ, ಅದರ ಮೇಲೆ ಬಿಗಿಯಾಗಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಪಾಲಿಮರ್ ಕ್ಲೇಯ ತೆಳು ಪದರ ಎಂಬುದು ಸ್ಥಿರ ಭಂಗಿಯ ಗೊಂಬೆಗೆ ಸಾಕಾಗುವ ರಚನೆ. ಹಾಳೆಯ ತಿರುಳಿನಿಂದ ತೂಕ ಕಡಿಮೆಯಾಗುತ್ತದೆ, ಕ್ಲೇ ಎಲ್ಲ ಕಡೆಯೂ ಒಂದೇ ದಪ್ಪವಿರುವುದರಿಂದ ಸಮನಾಗಿ ಬೇಯುತ್ತದೆ. ಕ್ಲೇ ತಯಾರಕರು ಪೊಟ್ಟಣದ ಮೇಲೆ ಬರೆದ ಶಾಖವನ್ನು ಮೀರಬಾರದು. ಕ್ಲೇ ಪಿವಿಸಿ ಎಂಬ ಪ್ಲಾಸ್ಟಿಕ್ ಆಧಾರಿತವಾದ್ದರಿಂದ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಹೊರಡುತ್ತದೆ.

ಚಲಿಸುವ ಕೀಲುಗಳು ಬೇಕಾದರೆ ಪ್ರತಿ ಅಂಗವನ್ನೂ ಟೊಳ್ಳಾಗಿ, ಬೇರೆ ಬೇರೆಯಾಗಿ ರೂಪಿಸಿ, ಗೋಲಾಕಾರದ ತುದಿಯೊಂದು ಬಟ್ಟಲಿನಾಕಾರದ ತುದಿಯಲ್ಲಿ ಕೂರುವಂತೆ ಮಾಡಿ, ಒಳಗಿನಿಂದ ಎಲಾಸ್ಟಿಕ್ ದಾರ ಎಳೆದು ಕಟ್ಟುತ್ತಾರೆ. ಇದಕ್ಕೆ ತಿಂಗಳುಗಳು ಬೇಕು.

ಮುಖಕ್ಕೆ ಬಣ್ಣ ಹಚ್ಚುವ ಮೊದಲು ಸೀಲೆಂಟ್ ಸಿಂಪಡಿಸುವುದು ಏಕೆ? ಯಾವುದಾದರೂ ವಾರ್ನಿಷ್ ಸಾಲದೇ?

ವಿನೈಲ್ ಮೇಲೆ ಪೇಸ್ಟಲ್ ಪುಡಿಯೂ ಪೆನ್ಸಿಲ್ಲೂ ಜಾರುತ್ತವೆ. ಹೊಳಪಿಲ್ಲದ ಸ್ಪ್ರೇ ಸೀಲೆಂಟ್ ಕಣ್ಣಿಗೆ ಕಾಣದಷ್ಟು ಸಣ್ಣ ಒರಟನ್ನು ಉಂಟುಮಾಡಿ ಅವನ್ನು ಹಿಡಿದುಕೊಳ್ಳುತ್ತದೆ, ಜೊತೆಗೆ ಬಣ್ಣವು ಪ್ಲಾಸ್ಟಿಕ್ಕಿಗೆ ಇಳಿದು ಕಲೆಯಾಗದಂತೆ ತಡೆಯುತ್ತದೆ. ಎಲ್ಲ ಸ್ಪ್ರೇಗಳೂ ವಿನೈಲಿಗೆ ಹೊಂದುವುದಿಲ್ಲ. ಲೋಹ ಅಥವಾ ಮರಕ್ಕೆಂದು ಮಾಡಿದ ಕೆಲವು ವಾರ್ನಿಷ್‌ಗಳು ವಿನೈಲಿನ ಮೇಲೆ ಎಂದೂ ಒಣಗದೆ ಅಂಟಾಗಿಯೇ ಉಳಿಯುತ್ತವೆ. ಮಿಸ್ಟರ್ ಸೂಪರ್ ಕ್ಲಿಯರ್ ಎಂಬ ಹೊಳಪಿಲ್ಲದ ಸೀಲೆಂಟನ್ನು ಗೊಂಬೆಗಾರರು ಬಹಳ ಕಾಲದಿಂದ ನೆಚ್ಚಿಕೊಂಡಿದ್ದಾರೆ. ಯಾವುದನ್ನು ಬಳಸಿದರೂ ಸುಮಾರು 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಸಿಂಪಡಿಸಿ, ಅರ್ಧ ಗಂಟೆ ಒಣಗಲು ಬಿಡಬೇಕು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಸಿಂಪಡಿಸಿದರೆ ಬೂದಿ ಎರಚಿದಂತೆ ಬಿಳಿ ಮಬ್ಬು ಕವಿಯುತ್ತದೆ. ಕಪ್ಪು ಛಾಯೆಗಳೇ ಪ್ರಧಾನವಾದ ಗಾಥಿಕ್ ಮುಖಕ್ಕೆ ಇದಕ್ಕಿಂತ ದೊಡ್ಡ ಕೇಡಿಲ್ಲ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ಈ ಸ್ಪ್ರೇಗಳ ದ್ರಾವಕದ ಆವಿಯನ್ನು ಬಟ್ಟೆಯ ಅಥವಾ ಶಸ್ತ್ರಚಿಕಿತ್ಸೆಯ ಮಾಸ್ಕ್ ತಡೆಯುವುದಿಲ್ಲ. ಸಾವಯವ ಆವಿಗಳಿಗೆಂದು ಗುರುತಿಸಿದ ಫಿಲ್ಟರ್ ಇರುವ ರೆಸ್ಪಿರೇಟರ್ ಧರಿಸಿ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಸಿಂಪಡಿಸಬೇಕು.

ಗಾಥಿಕ್ ಮುಖಕ್ಕೆ ಬಣ್ಣಗಳನ್ನು ಹೇಗೆ ಕಟ್ಟಬೇಕು?

ಮೊದಲ ಸಲಹೆ, ಕಪ್ಪನ್ನು ಕೊನೆಗೆ ಇಟ್ಟುಕೊಳ್ಳಿ. ಕಣ್ಣಿನ ಸುತ್ತಲಿನ ನೆರಳಿಗೆ ಶುದ್ಧ ಕಪ್ಪು ಪೇಸ್ಟಲ್ ಹಚ್ಚಿದರೆ ಮುಖ ಮಸಿ ಹಿಡಿದಂತೆ ಕಾಣುತ್ತದೆ, ಏಕೆಂದರೆ ಚರ್ಮದ ನೆರಳಿನಲ್ಲಿ ಯಾವಾಗಲೂ ಒಂದು ಬಣ್ಣ ಅಡಗಿರುತ್ತದೆ. ನೇರಳೆ ಹಣ್ಣಿನ ಬಣ್ಣ, ಒಣಗಿದ ಗುಲಾಬಿಯ ಕಂದುಗೆಂಪು, ನೀಲಿ ಬೆರೆತ ಬೂದು ಇವುಗಳಿಂದ ಆರಂಭಿಸಿ ಪದರಪದರವಾಗಿ ಗಾಢವಾಗುತ್ತಾ ಬಂದರೆ, ಕೊನೆಗೆ ರೆಪ್ಪೆಯ ಬುಡದಲ್ಲಿ ಎಳೆಯುವ ಕಪ್ಪು ಗೆರೆಗೆ ಆಳ ಬರುತ್ತದೆ. ಎಣ್ಣೆಯ ಪೇಸ್ಟಲ್ ಬೇಡ. ಒಣ ಪೇಸ್ಟಲ್ ಕಡ್ಡಿಯನ್ನು ಕೆರೆದು ಪುಡಿ ಮಾಡಿ, ಮೆದು ಕುಂಚದಿಂದ ತಟ್ಟಬೇಕು. ರೆಪ್ಪೆಗೂದಲು, ಹುಬ್ಬಿನ ಎಳೆ, ತುಟಿಯ ಬಿರುಕುಗಳಿಗೆ ಚೂಪು ಮಾಡಿದ ಜಲವರ್ಣ ಪೆನ್ಸಿಲ್ ಸರಿ. ತಪ್ಪಿದರೆ ಒದ್ದೆ ಕುಂಚದಿಂದ ಒರೆಸಬಹುದು. ಒಂದು ಪದರ ಮನಸ್ಸಿಗೆ ಒಪ್ಪಿದ ಕೂಡಲೇ ಸೀಲೆಂಟ್ ಸಿಂಪಡಿಸಿ ಅದನ್ನು ಭದ್ರಪಡಿಸಿದರೆ, ಮುಂದಿನ ತಪ್ಪು ಹಿಂದಿನ ಕೆಲಸವನ್ನು ಕೆಡಿಸುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ಸುತ್ತು ಬೇಕಾಗುತ್ತದೆ.

ಕಣ್ಣುಗಳನ್ನು ಒಂದಾದ ಮೇಲೆ ಒಂದರಂತೆ ಮುಗಿಸಬಾರದು. ಎಡಗಣ್ಣಿನ ಒಂದು ಗೆರೆ, ಬಲಗಣ್ಣಿನ ಅದೇ ಗೆರೆ ಎಂದು ಜೊತೆಯಲ್ಲೇ ಸಾಗಬೇಕು. ಮೇಲ್ರೆಪ್ಪೆಯ ನೆರಳು ಕಣ್ಣಾಲಿಯ ಮೇಲ್ಭಾಗದಲ್ಲಿ ಬೀಳುವುದನ್ನು ಬರೆಯಲು ಮರೆತರೆ ಗೊಂಬೆ ಬೆಚ್ಚಿ ನೋಡುವಂತೆ ಕಾಣುತ್ತದೆ. ಬೆಳಕಿನ ಚುಕ್ಕೆ ಎರಡೂ ಕಣ್ಣುಗಳಲ್ಲಿ ಒಂದೇ ಪಕ್ಕದಲ್ಲಿರಬೇಕು. ಎಲ್ಲ ಮುಗಿದ ಮೇಲೆ ಕಣ್ಣಿಗೂ ತುಟಿಗೂ ಮಾತ್ರ ಹೊಳಪಿನ ವಾರ್ನಿಷ್ ಹಚ್ಚಿದಾಗ, ಉಳಿದ ಮುಖದ ಮಂದತೆಯ ನಡುವೆ ಆ ಎರಡು ತೇವದ ತಾಣಗಳು ಉಸಿರಾಡುತ್ತಿರುವಂತೆ ತೋರುತ್ತವೆ. ಎಷ್ಟು ಗೊಂಬೆ ಮಾಡಿದರೂ ಆ ಕ್ಷಣದಲ್ಲಿ ನನ್ನ ಕೈ ಇಂದಿಗೂ ಸ್ವಲ್ಪ ನಡುಗುತ್ತದೆ.

ಮೈಗೂ ಬಿಳಿ ಬಣ್ಣ ಹಚ್ಚಬಹುದೇ?

ಹಚ್ಚಬಹುದು, ಕೀಲುಗಳಲ್ಲಿ ಮಾತ್ರ ಅದು ಉಜ್ಜಿ ಏಳುತ್ತದೆ. ಆರಂಭದಲ್ಲೇ ಬಿಳಿಚು ಅಥವಾ ಬೂದು ಮೈಬಣ್ಣದ ಗೊಂಬೆಯನ್ನು ಆರಿಸಿಕೊಂಡು, ಬೆರಳ ಗಂಟು, ಕೊರಳ ಮೂಳೆ, ಮೊಣಕಾಲುಗಳಿಗೆ ಪೇಸ್ಟಲಿನ ನೆರಳನ್ನಷ್ಟೇ ಕೊಡುವುದು ಹೆಚ್ಚು ಬಾಳುತ್ತದೆ.

ಕೂದಲಿಗೆ ಯಾವ ನೂಲು? ನಾಟುವ ಕ್ರಮ ಹೇಗೆ?

ಸರಾನ್ ಎಂಬ ಕೃತಕ ನೂಲು ತೂಕವಾಗಿ ಇಳಿಬೀಳುತ್ತದೆ, ಸುರುಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ನೈಲಾನ್ ಮೆದು ಮತ್ತು ಹೆಚ್ಚು ಹೊಳಪಿನದು. ಪಾಲಿಪ್ರೊಪಿಲೀನ್ ಹಗುರ, ಬೇಗ ಸಿಕ್ಕಾಗುತ್ತದೆ. ನೇರವಾದ ಕಪ್ಪು ಕೂದಲಿಗೆ ನೈಲಾನ್, ಉದ್ದನೆಯ ಸುರುಳಿಗೆ ಸರಾನ್ ನನ್ನ ಆಯ್ಕೆ. ಹಳೆಯ ಕೂದಲನ್ನು ಕತ್ತರಿಸಿ, ಬುಡಗಳನ್ನು ತಲೆಯ ಒಳಗಿನಿಂದ ಇಕ್ಕಳದಲ್ಲಿ ಎಳೆದು ತೆಗೆದ ಮೇಲೆ ನೆತ್ತಿಗೆ ಹೊಸ ಕೂದಲಿನ ಬಣ್ಣದ್ದೇ ಅಕ್ರಿಲಿಕ್ ಬಳಿಯಬೇಕು. ಕಪ್ಪು ಕೂದಲಿನ ನಡುವೆ ಬಿಳಿ ವಿನೈಲ್ ಇಣುಕಿದರೆ ಗೊಂಬೆಗೆ ಬೊಕ್ಕತಲೆ ಬಂದಂತಾಗುತ್ತದೆ, ಈ ಒಂದು ಲೇಪ ಅದನ್ನು ತಪ್ಪಿಸುತ್ತದೆ. ಎಳೆಗಳ ಸಣ್ಣ ಗೊಂಚಲನ್ನು ಸೂಜಿಯ ತುದಿಗೆ ಮಡಿಸಿ, ಹಣೆಯಂಚಿನ ಸಾಲಿನಿಂದ ಆರಂಭಿಸಿ, ಬೈತಲೆಯ ಎರಡೂ ಕಡೆ ದಟ್ಟವಾಗಿ, ಹಿಂಭಾಗದಲ್ಲಿ ಸ್ವಲ್ಪ ವಿರಳವಾಗಿ ನಾಟುತ್ತಾರೆ. ಕೊನೆಗೆ ಒಳಗೆ, ಒಣಗಿದ ಮೇಲೂ ಬಾಗುವ ಅಂಟನ್ನು ಸವರಬೇಕು. ಕಡುಗಪ್ಪು ಎಳೆಗಳ ಜೊತೆ ಹತ್ತರಲ್ಲೊಂದು ಪಾಲು ಕಡುನೀಲಿ ಅಥವಾ ಕಡುನೇರಳೆ ಎಳೆಗಳನ್ನು ಬೆರೆಸಿದರೆ, ಬೆಳಕು ಬಿದ್ದಾಗ ಮಾತ್ರ ಕಾಣುವ, ಕಾಗೆಯ ರೆಕ್ಕೆಯಂತಹ ಛಾಯೆ ಸಿಗುತ್ತದೆ.

ಉಡುಪು ಹೊಲಿದರೆ ಗೊಂಬೆಗೆ ದೊಗಲೆಯಾಗಿ, ದಪ್ಪವಾಗಿ ಕಾಣುತ್ತದೆ. ತಪ್ಪು ಎಲ್ಲಿದೆ?

ಬಟ್ಟೆಯ ದಪ್ಪದಲ್ಲಿ. ಒಂದು ಮಿಲಿಮೀಟರ್ ದಪ್ಪದ ಬಟ್ಟೆ ಗೊಂಬೆಯ ಮೇಲೆ ಆರು ಮಿಲಿಮೀಟರಿನ ಕಂಬಳಿಯಾಗುತ್ತದೆ; ಮೂರು ಸೆಂಟಿಮೀಟರಿನ ಲೇಸ್ ಹೂವು ಹದಿನೆಂಟು ಸೆಂಟಿಮೀಟರಿನ ತಾವರೆಯಾಗುತ್ತದೆ. ತೆಳು ಹತ್ತಿ, ತೆಳು ರೇಷ್ಮೆ, ಸಣ್ಣ ಕಣ್ಣಿನ ಜಾಲರಿ, ಒಂದು ಸೆಂಟಿಮೀಟರ್ ಒಳಗಿನ ಲೇಸ್ ಮಾತ್ರ ಆರಿಸಿಕೊಳ್ಳಿ. ಹೊಲಿಗೆಯ ಅಂತರ ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು. ಮೊದಲು ಹೇಳಿದ ಕಪ್ಪಿನ ಭೇದ ಇಲ್ಲಿ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ. ವಿಕ್ಟೋರಿಯಾ ಕಾಲದ ಆಳ ಶೋಕಕ್ಕೆ ಹೊಳಪೇ ಇಲ್ಲದ ಕ್ರೇಪ್ ಬಟ್ಟೆಯನ್ನು ಉಡುತ್ತಿದ್ದರು, ಏಕೆಂದರೆ ಹೊಳಪು ಸಂಭ್ರಮದ ಗುರುತು ಎಂಬ ಭಾವನೆ ಇತ್ತು. ನಿಮ್ಮ ಗೊಂಬೆಯ ಲಂಗ ಮಂದ ಕ್ರೇಪಿನದಾಗಿ, ಕುಪ್ಪಸ ಮಖಮಲ್ಲಿನದಾಗಿ, ಸೊಂಟದ ಪಟ್ಟಿ ಸ್ಯಾಟಿನ್ನಿನದಾಗಿ, ತೋಳು ಜಾಲರಿಯದಾಗಿದ್ದರೆ ನಾಲ್ಕೂ ಕಪ್ಪೇ ಆದರೂ ಕಣ್ಣು ಒಂದೊಂದನ್ನೂ ಬೇರೆಯಾಗಿ ಓದುತ್ತದೆ.

ಒಡವೆಗಳಿಗೂ ಇದೇ ಕಾಲ ಮಾದರಿ. ಇಂಗ್ಲೆಂಡಿನ ವಿಟ್ಬಿ ಊರಿನ ಕರಾವಳಿಯಲ್ಲಿ ಸಿಗುವ ಜೆಟ್, ಅಂದರೆ ಕೋಟ್ಯಂತರ ವರ್ಷಗಳ ಹಿಂದಿನ ಮರ ಪಳೆಯುಳಿಕೆಯಾಗಿ ಉಂಟಾದ ಕಪ್ಪು ವಸ್ತು, ಆಗಿನ ಶೋಕದ ಒಡವೆಗಳಲ್ಲಿ ಪ್ರಸಿದ್ಧವಾಗಿತ್ತು. ಎರಡು ಮಿಲಿಮೀಟರಿನ ಹೊಳಪು ಗಾಜಿನ ಮಣಿಗಳು ಗೊಂಬೆಯ ಕೊರಳಲ್ಲಿ ಅದನ್ನೇ ನೆನಪಿಸುತ್ತವೆ.

ಕಪ್ಪು ಬಟ್ಟೆಯ ಬಣ್ಣ ಗೊಂಬೆಯ ಮೈಗೆ ಹತ್ತಿದೆ. ಹೋಗುತ್ತದೆಯೇ?

ಬಹುಮಟ್ಟಿಗೆ ಹೋಗುತ್ತದೆ. ಶೇಕಡಾ 10ರ ಬೆನ್‌ಜಾಯಿಲ್ ಪೆರಾಕ್ಸೈಡ್ ಇರುವ ಮೊಡವೆಯ ಮುಲಾಮನ್ನು ಕಲೆಯ ಮೇಲಷ್ಟೇ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿನಲ್ಲಿ ಕೆಲವು ಗಂಟೆ ಇಟ್ಟು ತೊಳೆಯಬೇಕು. ಗಾಢ ಕಲೆಗೆ ಹಲವು ದಿನ ಇದೇ ಕ್ರಮ ಬೇಕಾಗಬಹುದು. ಅದು ಪ್ಲಾಸ್ಟಿಕ್ಕಿನ ಮೂಲ ಬಣ್ಣವನ್ನೂ ಬಿಳಿಚಿಸಬಲ್ಲದು, ಆದ್ದರಿಂದ ದಿನವೂ ಪರೀಕ್ಷಿಸಿ. ನೀವು ಬಣ್ಣ ಹಚ್ಚಿದ ಭಾಗಕ್ಕೆ ತಾಗಿಸಬೇಡಿ. ನನ್ನ ಗೊಂಬೆಯೊಂದು ಕಪ್ಪು ಮಖಮಲ್ ತೊಟ್ಟು ಮೂರು ತಿಂಗಳು ಪೆಟ್ಟಿಗೆಯಲ್ಲಿದ್ದು, ಹೊರಬಂದಾಗ ತೋಳು ಪೂರ್ತಿ ನೀಲಿಗಟ್ಟಿತ್ತು. ಅಂದಿನಿಂದ ಪ್ರತಿ ಕಪ್ಪು ಬಟ್ಟೆಯನ್ನೂ ನೀರು ತಿಳಿಯಾಗುವವರೆಗೆ ತೊಳೆದು, ಒದ್ದೆ ಬಿಳಿ ಬಟ್ಟೆಯ ಮಡಿಕೆಯಲ್ಲಿ ಒಂದು ರಾತ್ರಿ ಒತ್ತಿಟ್ಟು ನೋಡುತ್ತೇನೆ; ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿದರೆ ಮಾತ್ರ ಕತ್ತರಿ ಹಿಡಿಯುತ್ತೇನೆ. ಉಡುಪಿಗೆ ತೆಳುಬಣ್ಣದ ಒಳಪದರ ಕೊಡುವುದೂ ಉಪಯುಕ್ತ.

ಮಾರ್ಪಡಿಸಿದ ಗೊಂಬೆಯನ್ನು ಮಾರಬಹುದೇ? ಅಚ್ಚು ತೆಗೆದು ಪ್ರತಿಗಳನ್ನು ಮಾಡಬಹುದೇ?

ಕೊಂಡ ಗೊಂಬೆಯೊಂದಕ್ಕೆ ಕೈಯಾರೆ ಹೊಸ ಮುಖ ಕೊಟ್ಟು ಒಂದೇ ಪ್ರತಿಯಾಗಿ ಮಾರುವ ರೂಢಿ ಎಲ್ಲೆಡೆ ಇದೆ. ಮೂಲ ಗೊಂಬೆ ಯಾರದು ಎಂಬುದನ್ನು ಹೇಳುವುದು ಪ್ರಾಮಾಣಿಕತೆ. ಸಂಸ್ಥೆಯೊಂದು ರೂಪಿಸಿದ ತಲೆಯ ಅಥವಾ ಮೈಯ ಮೇಲೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಪ್ರತಿಗಳನ್ನು ಎರಕ ಹೊಯ್ಯುವುದು ಬೇರೆ ಮಾತು. ಆ ಶಿಲ್ಪ ಇನ್ನೊಬ್ಬರ ಕೃತಿ. ಮೇಲೆ ಸ್ವಲ್ಪ ಪುಟ್ಟಿ ಸೇರಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಪ್ರತಿಗಳು ಬೇಕಿದ್ದರೆ ಮೊದಲಿನಿಂದ ನೀವೇ ರೂಪಿಸಿದ ಶಿಲ್ಪದ ಅಚ್ಚು ತೆಗೆಯಿರಿ.

ಮಕ್ಕಳಿಗೆ ಆಡಲು ಕೊಡಬಹುದೇ?

ಬೇಡ. ಪೇಸ್ಟಲ್ ಮತ್ತು ಸೀಲೆಂಟಿನ ಪದರಗಳು ಉಗುರು ತಾಗಿದರೆ ಏಳುತ್ತವೆ, ಮಣಿಗಳು ಗಂಟಲಿಗೆ ಸಿಕ್ಕಬಹುದು. ಇದು ನೋಡಲು ಇಡುವ ಗೊಂಬೆ.

ಮುಗಿದ ಗೊಂಬೆಯನ್ನು ಎಲ್ಲಿಡಬೇಕು?

ನೇರ ಬಿಸಿಲು ಬೀಳದ, ತೇವವಿಲ್ಲದ, ಗಾಜಿನ ಬಾಗಿಲಿನ ಕಪಾಟಿನಲ್ಲಿ. ಬಿಸಿಲಿಗೆ ನೇರಳೆ ಮತ್ತು ಕೆಂಪು ಪೇಸ್ಟಲ್ ಬೇಗ ಮಾಸುತ್ತವೆ, ಬಿಳಿ ವಿನೈಲ್ ಹಳದಿಗೆ ತಿರುಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ವರ್ಷಗಳು ಕಳೆದಂತೆ ವಿನೈಲಿನಿಂದ ಮೆದುಕಾರಕ ದ್ರವ್ಯ ಹೊರಸೂಸಿ ಮೇಲ್ಮೈ ಅಂಟಾಗುವುದುಂಟು. ತಾಮ್ರ ಬೆರೆತ ಕಿವಿಯೋಲೆಗಳು ಕಿವಿಯ ಸುತ್ತ ಹಸಿರು ಕಲೆ ಬಿಡುವುದರಿಂದ ಅವನ್ನು ತೆಗೆದಿಡುವುದು ಒಳ್ಳೆಯದು. ಧೂಳು ಒರೆಸಲು ಮೃದುವಾದ ಒಣ ಕುಂಚ ಸಾಕು, ಮುಖಕ್ಕೆ ನೀರು ತಾಗಿಸಬಾರದು, ಮತ್ತು ಗೊಂಬೆಯನ್ನು ಎತ್ತುವಾಗ ಯಾವಾಗಲೂ ಸೊಂಟದಲ್ಲಿ ಹಿಡಿಯಬೇಕು.